ಕೀಮೋಗೆ ಮುಂಚೆ ಗುಂಗುರು ಕೂದಲು

ಗೋಹಂಗ್ ಊರಿನ ಸಂತೆಬೀದಿಯ ಹೆಂಗಸರಿಗೆ ಒಂದು ಪದ್ಧತಿ. ಮಗಳ ಮದುವೆಯಿರಲಿ, ಮಂಡಿಯ ಆಪರೇಷನ್ ಇರಲಿ, ಹಿಂದಿನ ದಿನ ಗಮ್ಹಿಯ ಪಾರ್ಲರಿಗೆ ಹೋಗಿ ಕೂದಲು ಗುಂಗುರು ಮಾಡಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಡಾಕ್ಟರು, ಈಕೆಗೆ ಹಿಂದೆ ಮುಂದೆ ಯಾರೂ ಇಲ್ಲ ಅಂದುಕೊಳ್ಳುತ್ತಾರಂತೆ!

ಹಾಗಾಗಿ ಬೆಳ್ಳುಳ್ಳಿ ನೆಟ್ಟು ಮುಗಿಸಿದ ಮಾಲ್ಸುನ್ ಬಂದು ಕುರ್ಚಿಯಲ್ಲಿ ಕೂತಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

"ಬಿಗಿಯಾಗಿ ಸುತ್ತೇ ತಂಗಿ. ಎಳೆದ್ರೂ ಬರಬಾರದು."

"ಯಾಕಕ್ಕ, ಯಾರ ಜೊತೆ ಜುಟ್ಟು ಹಿಡ್ಕೊಂಡು ಜಗಳಕ್ಕೆ ಹೊರಟಿದೀಯ?" ಎಂದಳು ಗಮ್ಹಿ.

ಮಾಲ್ಸುನ್ ನಗಲಿಲ್ಲ. "ಎದೆಯಲ್ಲಿ ಗಡ್ಡೆ ತೆಗೆದ್ರು. ಕ್ಯಾನ್ಸರಂತೆ. ನಾಳೆ ಕೀಮೋ ಶುರು, ಕೂದಲು ಉದುರತ್ತೆ ಅಂದ್ರು. ಬಿಗಿಯಾಗಿ ಸುತ್ತಿದ್ರೆ ನಿಲ್ಲತ್ತೇನೋ ಅಂತ…"

ಗಮ್ಹಿ ಕೈಯಲ್ಲಿದ್ದ ಸುರುಳಿಯನ್ನು ಕೆಳಗಿಟ್ಟಳು. ಮೂಲೆಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು ಬೇಯಿಸಿದ ಗೆಣಸು ತಿನ್ನುತ್ತಿದ್ದ ದೊಕ್ಜಾ "ಅಯ್ಯೋ ದೇವರೇ!" ಅಂದಳು. ಪಕ್ಕದ ಮನೆಯವಳಾದ ತನಗೇ ಇದು ಗೊತ್ತಿಲ್ಲವಲ್ಲ ಎಂಬ ಸಿಟ್ಟು ಬೇರೆ.

"ಕೀಮೋನಾ? ಹೋಗ್ಬೇಡ ಕಣೇ! ರೋಗಕ್ಕಿಂತ ಆ ಔಷಧಿನೇ ಕೊಲ್ಲತ್ತೆ. ನಮ್ಮನೇಲಿ ಬೇರಿನ ಕಷಾಯ ಇದೆ, ಅದನ್ನ ಕುಡಿ."

ಬೆಳಿಗ್ಗೆ ಬಸ್ ಹತ್ತುವುದೇ ಬೇಡ ಎಂದು ಮಾಲ್ಸುನಳ ಒಂದು ಮನಸ್ಸೂ ಹೇಳುತ್ತಿತ್ತು. ಸಂತೆಯಲ್ಲಿ ಒಂದು ಮೂಲಂಗಿ ಕೊಳ್ಳಲು ಅದರ ವಂಶವನ್ನೆಲ್ಲ ವಿಚಾರಿಸುವ ಹೆಂಗಸು ಆಸ್ಪತ್ರೆಯಲ್ಲಿ ಮಾತ್ರ ಒಂದೂ ಪ್ರಶ್ನೆ ಕೇಳದೆ ತಲೆಯಾಡಿಸಿ ಬಂದಿದ್ದಳು. ಗೊತ್ತಿಲ್ಲದ್ದೆಲ್ಲ ಈಗ ಭಯವಾಗಿ ಕಾಡುತ್ತಿತ್ತು.

"ಗುಂಗುರು ಮಾಡೋ ಈ ಮದ್ದು ಇವತ್ತು ಹಚ್ಚಿದ್ರೆ ನೆತ್ತಿ ಉರಿದು ಹುಣ್ಣಾದೀತು," ಎಂದಳು ಗಮ್ಹಿ. "ಗುಂಗುರೂ ಬೇಡ, ಬಣ್ಣಾನೂ ಬೇಡ. ಗಿಡ್ಡಕ್ಕೆ ಕತ್ತರಿಸ್ತೀನಿ. ಉದುರುವಾಗ ಅಷ್ಟು ಸಂಕಟ ಆಗಲ್ಲ."

"ನೀನೇನು ಡಾಕ್ಟರಾ?" ದೊಕ್ಜಾ ಕೊಂಕು ತೆಗೆದಳು.

"ದೊಕ್ಜಕ್ಕ, ನಾಲ್ಕು ವರ್ಷದ ಹಿಂದೆ ಚಳಿಗಾಲದಲ್ಲಿ, 'ನಿನ್ನ ಕೂದಲು ಎಷ್ಟು ಚೆಂದ, ನಂಗೂ ಹಾಗೇ ಮಾಡಿಕೊಡು' ಅಂತ ನೀನು ನನಗೆ ಗಂಟುಬಿದ್ದಿದ್ದೆ. ನೆನಪಿದೆಯಾ?"

"ಇಲ್ದೆ ಏನು? ಮಾಡಿಸ್ಕೊಂಡೆ, ನಂಗೆ ಒಪ್ಪಲೇ ಇಲ್ಲ."

"ಅದು ವಿಗ್ಗು ಕಣಕ್ಕ. ಒಳಗೆ ಬೋಳುತಲೆ. ನಂದೂ ಎದೆ ಕ್ಯಾನ್ಸರ್ರೇ."

"ಎಲಾ ಕಳ್ಳಿ!" ಅಂದಳು ದೊಕ್ಜಾ. ಮಾಲ್ಸುನ್ ಕುರ್ಚಿಯಲ್ಲೇ ತಿರುಗಿ ಗಮ್ಹಿಯ ಕೂದಲನ್ನು ಮುಟ್ಟಿ ಮುಟ್ಟಿ ನೋಡಿದಳು. ವಾರದಿಂದ ಕಟ್ಟಿಕೊಂಡಿದ್ದ ಅವಳ ಬಾಯಿ ಆಗ ತೆರೆಯಿತು.

"ಡ್ರಿಪ್ ಹಾಕುವಾಗ ಉರಿಯತ್ತಾ? ವಾಂತಿ ನಿಲ್ಲೋದೇ ಇಲ್ವಾ? ಅನ್ನ ಸೇರತ್ತಾ?"

"ಸೂಜಿ ಚುಚ್ಚಿದಷ್ಟೇ. ಆಮೇಲೇನಾದ್ರೂ ಉರಿದ್ರೆ ತಕ್ಷಣ ನರ್ಸಿಗೆ ಹೇಳು, ಸಹಿಸ್ಕೊಂಡು ಕೂರಬೇಡ. ವಾಂತಿಗೆ ಮಾತ್ರೆ ಕೊಡ್ತಾರೆ. ಹೊಟ್ಟೆ ತೊಳಸಲಿ ಅಂತ ಕಾಯದೆ, ಹೇಳಿದ ಹೊತ್ತಿಗೆ ನುಂಗು. ಸ್ವಲ್ಪ ಸ್ವಲ್ಪ, ಬಿಸಿಬಿಸಿ ತಿನ್ನು. ಹಸಿ ಮೀನು, ಹಸಿ ಏಡಿ ಸದ್ಯಕ್ಕೆ ಬೇಡ."

"ಜ್ವರ ಬಂದ್ರೆ?"

"ಮೂವತ್ತೆಂಟು ಡಿಗ್ರಿ ಸೆಲ್ಸಿಯಸ್, ಅಂದ್ರೆ ನೂರು ಪಾಯಿಂಟ್ ನಾಲ್ಕು ಫ್ಯಾರನ್‌ಹೀಟ್ ಮುಟ್ತಾ, ಎಷ್ಟು ಹೊತ್ತಾದ್ರೂ ಸರಿ, ಆಸ್ಪತ್ರೆಗೆ ಫೋನ್ ಮಾಡು. ನಾನು ಬೆಳಗಾಗ್ಲಿ ಅಂತ ಹಲ್ಲುಕಚ್ಚಿ ಮಲಗಿದ್ದೆ. ಜೀವ ಹೋಗ್ತಿತ್ತು! ಆಗ ಡಾಕ್ಟರು ಬೈದದ್ದು ಇವತ್ತಿಗೂ ಕಿವೀಲಿದೆ." ಗಮ್ಹಿಯ ದನಿ ಇಳಿಯಿತು. "ಯಾರಿಗೂ ಹೇಳದೆ ಒಬ್ಬಳೇ ಅಳ್ತಿದ್ದೆ ಅಕ್ಕ. ಆ ದಡ್ಡತನ ನೀನು ಮಾಡ್ಬೇಡ."

ಮಾಲ್ಸುನಳ ಕಣ್ಣು ತುಂಬಿ ಬಂತು. "ಕತ್ತರಿಸು," ಅಂದಳು.

ದೊಕ್ಜಾ ಮೂಗು ಒರೆಸಿಕೊಂಡಳು. "ನಾಳೆ ನಾನೂ ಬರ್ತೀನಿ. ಕಷಾಯಾನೂ ತರ್ತೀನಿ. ಬೇಡ ಅಂತ ಡಾಕ್ಟರೇ ಹೇಳಲಿ, ನೋಡೋಣ."

ಡಾಕ್ಟರು ಬೇಡವೆಂದೇ ಹೇಳಿದರು. ಔಷಧಿಯ ಜೊತೆ ಇದು ಸೇರಿದರೆ ಲಿವರಿಗೆ ಪೆಟ್ಟು ಬಿದ್ದೀತು ಎಂದರು. ದೊಕ್ಜಾ ವಾಪಸ್ ಬರುವಾಗ ಬಸ್ಸಿನಲ್ಲಿ ಸಿಟ್ಟಿಗೆ ಕಷಾಯದ ಒಂದು ಪೊಟ್ಟಣ ಒಡೆದು ತಾನೇ ಕುಡಿದು ಮುಖ ಸಿಂಡರಿಸಿದಳು.

ಆ ಚಳಿಗಾಲ ಸುಲಭವಾಗಿರಲಿಲ್ಲ. ಮಾಲ್ಸುನಳ ಬಾಯಲ್ಲಿ ಹುಣ್ಣಾಯಿತು, ಬೆರಳ ತುದಿ ಜೋಮು ಹಿಡಿಯಿತು. ಇನ್ನು ಸಾಕು ಎಂದು ಎರಡು ಸಲ ಅತ್ತಳು, ಎರಡು ಸಲವೂ ದೊಕ್ಜಾ ಗಂಜಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಒಮ್ಮೆ ಜ್ವರ ಬಂದಾಗ ಆಸ್ಪತ್ರೆಗೆ ಫೋನ್ ಮಾಡಿದವಳೂ ಅವಳೇ.

ಕೀಮೋ ಮುಗಿದು, ಬೇಸಿಗೆಯಲ್ಲಿ ಬೆಳ್ಳುಳ್ಳಿ ಕಿತ್ತ ಮೇಲೆ ಒಂದು ದಿನ ಮಾಲ್ಸುನ್ ಪಾರ್ಲರಿಗೆ ಬಂದು ಟೋಪಿ ತೆಗೆದಳು. ತಲೆ ತುಂಬ ಪುಟ್ಟ ಪುಟ್ಟ ಗುಂಗುರು.

"ಗಮ್ಹಿಗೆ ಮೋಸ ಮಾಡಿ ಯಾವ ಪಾರ್ಲರಿಗೆ ಹೋಗಿದ್ದೇ?" ದೊಕ್ಜಾ ದಬಾಯಿಸಿದಳು.

"ತಾನಾಗೇ ಹೀಗೆ ಬಂತು ಕಣೇ." ಮಾಲ್ಸುನ್ ತಲೆ ಬಗ್ಗಿಸಿದಳು. "ಎಳೆದು ನೋಡು."

ದೊಕ್ಜಾ ಎಳೆದಳು. ಬರಲಿಲ್ಲ.

ಅಕ್ಕತಂಗಿಯರೇ, ಎಲ್ಲರ ಕೂದಲೂ ಉದುರುವುದಿಲ್ಲ, ಉದುರಿದ್ದೆಲ್ಲ ಗುಂಗುರಾಗಿ ಬರುವುದೂ ಇಲ್ಲ. ಒಬ್ಬೊಬ್ಬರ ಔಷಧಿ ಒಂದೊಂದು ಥರ. ಅದಕ್ಕೇ ಕೇಳಿ. ಡಾಕ್ಟರನ್ನು ಕೇಳಿ, ನರ್ಸನ್ನು ಕೇಳಿ, ಈ ದಾರಿಯಲ್ಲಿ ನಡೆದು ಬಂದವರನ್ನು ಕೇಳಿ. ನಿಮ್ಮ ಪಕ್ಕದ ಮನೆಯಲ್ಲಿ ಯಾರಿಗಾದರೂ ನಾಳೆ ಕೀಮೋ ಇದ್ದರೆ, ಇವತ್ತೇ ಹೋಗಿ "ನಾನೂ ಜೊತೆಗೆ ಬರ್ತೀನಿ" ಅನ್ನಿ.