ಲುಂಬಿನಿ ಆರಿಸಿದ ಟ್ಯಾಬ್ಲೆಟ್

ಕಾಶೀನಾಥನ ಹೆಸರು ಫೋನಿನಲ್ಲಿ ಮೂಡಿದಾಗ ಲುಂಬಿನಿ ಕಂಪ್ಯೂಟರಿನಲ್ಲಿ, ವಾಡಿ ಊರಿನ ಒಬ್ಬ ಮದುಮಗನ ಫೋಟೊದ ಕೆನ್ನೆಯಿಂದ ಮೊಡವೆಗಳನ್ನು ತೆಗೆಯುತ್ತಿದ್ದಳು. ನಾಲ್ಕು ವರ್ಷಗಳಲ್ಲಿ ಆ ಹೆಸರಿನಿಂದ ಒಂದು ಕರೆಯೂ ಬಂದಿರಲಿಲ್ಲ. ಪೆನ್ನು ಕೆಳಗಿಟ್ಟು, ಫೋನು ಬಡಿದುಕೊಂಡು ಸುಮ್ಮನಾಗುವವರೆಗೂ ನೋಡುತ್ತ ಕುಳಿತಳು. ಎರಡನೆಯ ಸಲ ಬಂದಾಗ ಎತ್ತಿದಳು.

"ಲುಂಬಿನಿ, ಆರಾಮ ಇದ್ದೀಯೇನವಾ? ಶಹಾಬಾದ್‌ನ್ಯಾಗ ಭಾಳ ಹೆಸರು ಮಾಡೀದಿ ಅಂತ ಕೇಳೀನಿ."

"ಹೇಳ್ರಿ ಸರ್."

"ನಮ್ಮ ಸ್ಟುಡಿಯೋಕ್ಕ ಒಂದು ಪೆನ್ ಟ್ಯಾಬ್ಲೆಟ್ ತಗೋಬೇಕಂತ ಮಾಡೀನಿ. ಈಗಿನ ಗಿರಾಕಿ ಕೂದಲಾ ಎಳಿ ಎಳಿ ಕಾಣ್ಬೇಕಂತಾರ. ನಾಳಿ ಕಲಬುರಗಿಗಿ ಹೊಂಟೀನಿ. ಯಾವ್ದು ತರ್ಲಿ ಹೇಳು. ನಿನ್ನಷ್ಟು ತಿಳಿದೋರು ಈ ಕಡಿ ಯಾರದಾರ?"

ಸೇಡಂನ ಅವನ ಸ್ಟುಡಿಯೋದಲ್ಲಿ ಲುಂಬಿನಿ ಏಳು ವರ್ಷ ಫೋಟೊ ತಿದ್ದಿದ್ದಳು, ಏಳೂ ವರ್ಷ ಮೌಸಿನಿಂದಲೇ. ಪೆನ್ನಿನಿಂದ ಎಳೆದರೆ ಕಂಪ್ಯೂಟರಿನಲ್ಲಿ ಗೆರೆ ಮೂಡುವ ಅಂಥ ಹಲಗೆಯೊಂದನ್ನು ಕೊಡಿಸಿರೆಂದು ಮೂರು ಸಲ ಕೇಳಿದ್ದಳು. "ಸಾಲಿ ಹುಡುಗ್ರ ಪಾಟಿ ಅದು" ಎಂದು ಗಿರಾಕಿಗಳ ಮುಂದೆಯೇ ನಕ್ಕಿದ್ದ. ಮಣಿಕಟ್ಟು ಬಾತು ಎಂಟು ದಿನ ರಜೆ ಹಾಕಿ ಬರುವಷ್ಟರಲ್ಲಿ ಅವಳ ಕುರ್ಚಿಯಲ್ಲಿ ಬೇರೆಯವರಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಅವಳೂ ಮರೆಯುತ್ತಿದ್ದಳೇನೋ. ಬೇರೆ ಸ್ಟುಡಿಯೋದಲ್ಲಿ ಕೆಲಸ ನೋಡಿಕೊಳ್ಳುತ್ತೇನೆ ಎಂದದ್ದಕ್ಕೆ, ಗಿರಾಕಿಗಳ ಹೆಣ್ಣುಮಕ್ಕಳ ಫೋಟೊ ಕದ್ದು ಯಾರ್ಯಾರಿಗೋ ಕಳಿಸುತ್ತಾಳೆ ಎಂದು ಊರೆಲ್ಲ ಹಬ್ಬಿಸಿದ. ಸೇಡಂ, ಚಿತ್ತಾಪುರ ಎರಡೂ ಕಡೆ ಬಾಗಿಲು ಮುಚ್ಚಿದವು. ಗುಂಡಗುರ್ತಿಯಲ್ಲಿ ಅವಳ ಅಪ್ಪ ದೇವಿಂದ್ರ ಆರು ತಿಂಗಳು ಚಹಾದಂಗಡಿಯ ಕಡೆ ಸುಳಿಯಲಿಲ್ಲ.

"ಕಂಪ್ಯೂಟರ್ ಅದೇ ಹಳೇದೇನ್ರಿ?" ಎಂದು ಕೇಳಿದಳು.

"ಅದೇ. ಗಟ್ಟಿ ಅದ ಇನ್ನಾ."

"ಟೇಬಲ್?"

"ಅದೂ ಅದೇ. ಗ್ವಾಡಿ ಹತ್ರ ನೀ ಕುಂದರ್ತಿದ್ದಿ ನೋಡು, ಅದೇ."

ಆ ಮುದಿ ಕಂಪ್ಯೂಟರಿಗೆ, ಮೊಳದಗಲದ ಆ ಟೇಬಲ್ಲಿಗೆ ಪರದೆಯಿಲ್ಲದ, ನೋಟ್‌ಬುಕ್ಕಿನಷ್ಟಗಲದ ಸಾದಾ ಹಲಗೆಯೇ ಸರಿ ಎಂದು ಅವಳಿಗೆ ತಕ್ಷಣ ಹೊಳೆಯಿತು. ಅವಳ ಎದುರಿಗಿದ್ದದ್ದೂ ಅಂಥದ್ದೇ.

"ಸಣ್ಣದು ತಗೋಬ್ಯಾಡ್ರಿ ಸರ್," ಎಂದಳು. ದನಿ ಅವಳಿಗೇ ಬೆರಗಾಗುವಷ್ಟು ಮೆತ್ತಗಿತ್ತು. "ಸ್ಕ್ರೀನ್ ಇದ್ದದ್ದೇ ತಗೋರಿ, ಇಪ್ಪತ್ತೆರಡು ಇಂಚಿಂದು. ಫೋಟೊದ ಮ್ಯಾಲೇ ಪೆನ್ ಆಡಿಸಬಹುದು. ನಿಮ್ಮಂಥೋರು ಸಣ್ಣದಿಟ್ಕೊಂಡ್ರ ನೋಡಿದೋರು ಏನಂತಾರ?"

ಕೊನೆಯ ಮಾತು ಕಾಶೀನಾಥನಿಗೆ ನಾಟಿತು. ಕಂಪನಿ, ಮಾಡೆಲ್ಲು ಎಲ್ಲ ಬರೆಸಿಕೊಂಡ. ಅದರ ಮುಂದೆ ಕೂರುವವರು ಯಾರು ಎಂದು ಮಾತ್ರ ಲುಂಬಿನಿ ಕೇಳಲಿಲ್ಲ.

ಮೂರನೆಯ ದಿನ ಅವನಿಂದ ಒಂದು ಫೋಟೊ ಬಂತು. ಟ್ಯಾಬ್ಲೆಟ್ಟಿನ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ, ಮೇಲೊಂದು ಲಿಂಬೆಹಣ್ಣು. ಲುಂಬಿನಿ ಒಬ್ಬಳೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮುಂದಿನ ಸುದ್ದಿಯನ್ನು ಮುಕ್ರಮ ತಂದ. ಕಲಬುರಗಿಯ ಲ್ಯಾಬಿನಿಂದ ಆಲ್ಬಂ ಹೊತ್ತು ವಾರಕ್ಕೊಮ್ಮೆ ಎಲ್ಲ ಸ್ಟುಡಿಯೋ ಸುತ್ತುವವನು ಅವನು.

"ಪೆನ್ ಇಲ್ಲಿಟ್ರ ಗೆರಿ ಅಲ್ಲಿ ಬೀಳ್ತದಂತ. ಅದೂ ಯಾವಾಗ? ನಾವು ಎದ್ದು ಹೋಗಿ ನೀರು ಕುಡ್ದು ಬಂದ ಮ್ಯಾಲ," ಎಂದು ಹೊಸ್ತಿಲ ಬಳಿ ಕುಳಿತು ನಕ್ಕ. "ಬಣ್ಣನೂ ಹೊಂದವಲ್ದು. ಮದುಮಗಳ ಮಾರಿ ಪೂರಾ ಹಳದಿ. ಮೂರು ಆಲ್ಬಂ ವಾಪಸ್ ಬಂದಾವ. ಚಿಂಚೋಳಿಯವ್ರು ಅಂಗಡ್ಯಾಗೇ ನಿಂತು ಬೈದು ಹೋದ್ರು."

"ಏನಂತ ಬೈದ್ರು?"

ಮುಕ್ರಮ ಹೇಳಿದ. ಇನ್ನೊಮ್ಮೆ ಹೇಳಿಸಿಕೊಂಡಳು. ಅವನಿಗೆ ಇನ್ನೊಂದು ಲೋಟ ಚಹಾ ಹಾಕಿಕೊಟ್ಟಳು. ಆ ವಾರ ಅವಳಿಗೆ ತಿಂದದ್ದೆಲ್ಲ ರುಚಿಸಿತು.

ಬುಧವಾರ ಬೆಳಿಗ್ಗೆ ಒಬ್ಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಸೇಡಂನಿಂದ ಪ್ಯಾಸೆಂಜರ್ ಗಾಡಿಗೆ ಬಂದಿದ್ದಳು. ಬಲಗೈಗೆ ಬೆರಳುಗಳ ಬುಡದವರೆಗೆ ಪಟ್ಟಿ ಸುತ್ತಿತ್ತು.

"ನಾನು ಸುಶ್ಮಿತಾರೀ ಅಕ್ಕಾರ, ಕುರಕುಂಟಾದಾಕಿ. ಕಾಶೀನಾಥ ಸರ್ ಕಡಿ ಕೆಲಸ ಮಾಡ್ತೀನಿ."

ಲುಂಬಿನಿ ಅವಳಿಗೆ ಕುರ್ಚಿ ಎಳೆದುಕೊಟ್ಟಳು. ಹುಡುಗಿ ಕೂರಲಿಲ್ಲ.

"ಆ ಟ್ಯಾಬ್ಲೆಟ್ ಹೆಂಗ ನಡಸೋದು ಸ್ವಲ್ಪ ಹೇಳಿಕೊಡ್ರಿ. ನನಗ ಬರವಲ್ದು. ಸ್ಕ್ರೀನ್ ದೊಡ್ಡದದ, ದಿನಾಪೂರ್ತಿ ಕೈ ಎತ್ತಿ ಎತ್ತಿ ಬಾವು ಬಂದದ. ಸರ್ ಅಂತಾರ, ಲುಂಬಿನಿ ಆರಿಸ್ಯಾಳ ಅಂದ್ರ ಮಾಲು ತಪ್ಪಿರಂಗಿಲ್ಲ, ನಿನ್ನ ಕೈದೇ ತಪ್ಪು ಅಂತ. ಶನಿವಾರದೊಳಗ ಕಲೀಲಿಲ್ಲಾಂದ್ರ ಬರಬ್ಯಾಡ ಅಂದಾರ."

ಏಳು ವರ್ಷದಲ್ಲಿ ಒಮ್ಮೆಯೂ ಅವನ ಬಾಯಿಂದ ಬಾರದಿದ್ದ ಹೊಗಳಿಕೆ ಹೀಗೆ ಬಂದು ತಲುಪಿತ್ತು. ಲುಂಬಿನಿ ಹುಡುಗಿಯ ಕೈ ನೋಡಿದಳು. ಬಾವು ಪಟ್ಟಿಯ ಅಂಚು ಮೀರಿ ಉಬ್ಬಿತ್ತು.

"ಅದು ಯಾರಿಗೂ ಬರಂಗಿಲ್ಲ," ಎಂದಳು ಕೊನೆಗೆ. "ಆ ಕಂಪ್ಯೂಟರಿಗಿ ಅದು ಹೊಂದಂಗಿಲ್ಲ. ನನಗ ಗೊತ್ತಿತ್ತು. ಬೇಕಂತನೇ ಹೇಳಿದ್ದೆ."

ಹುಡುಗಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ನಿಮ್ದೂ ಅವರ್ದೂ ಏನರ ಇರಲಿ," ಎಂದಳು. "ನಾ ಏನ್ ಮಾಡಿದ್ದೆರೀ?"

ಲುಂಬಿನಿ ಹತ್ತಿರ ಸರಿಸಿದ ಕುರ್ಚಿಯನ್ನು ಹುಡುಗಿ ಪಕ್ಕಕ್ಕೆ ತಳ್ಳಿದಳು.

"ಹಂಗಾರ ಇದೇ ಮಾತು ಅವರಿಗೂ ಹೇಳ್ರಿ. ಈಗ, ನನ್ನ ಮುಂದ."

ಫೋನಿನ ಕಡೆ ಹೋದ ಲುಂಬಿನಿಯ ಕೈ ನಡುವೆಯೇ ನಿಂತಿತು. ಹೇಳಿದರೆ ಅವನು ಅಂದು ಹಬ್ಬಿಸಿದ್ದಕ್ಕೆಲ್ಲ ತಾನೇ ಸಾಕ್ಷಿ ಕೊಟ್ಟಂತೆ. ವಾರದೊಳಗೆ ಈ ಮಾತು ಗುಂಡಗುರ್ತಿಯ ಚಹಾದಂಗಡಿಗೂ ಮುಟ್ಟುತ್ತದೆ. ಹುಡುಗಿ ಅಲ್ಲಾಡದೆ ನಿಂತಿದ್ದಳು. ಲುಂಬಿನಿ ನಂಬರು ಒತ್ತಿ ಸ್ಪೀಕರ್ ಹಾಕಿದಳು.

"ಸರ್, ಆ ಟ್ಯಾಬ್ಲೆಟ್ ನಾನು ಬೇಕಂತನೇ ತಪ್ಪು ಹೇಳಿದ್ದೆ. ಸುಶ್ಮಿತಾನ ಕೈದೇನೂ ತಪ್ಪಿಲ್ಲ. ಆಕಿಗಿ ಕೆಲಸ ಬಿಡಿಸಬ್ಯಾಡ್ರಿ."

ಆಚೆ ಕಡೆ ಕಾಶೀನಾಥ ನಕ್ಕ. "ನಾ ಅವತ್ತೇ ಹೇಳಿದ್ದೆ, ಈಕಿ ನಂಬೂ ಹೆಣ್ಣಲ್ಲ ಅಂತ. ಮಂದಿಗೆ ಖರೆ ಅನಿಸಿರಲಿಲ್ಲ. ಈಗ ನಿನ್ನ ಬಾಯಿಲೇ ಹೇಳಿದಿ. ಆ ಹುಡುಗಿ ನಿನ್ನ ಮನ್ಯಾಗೇ ಅದಾಳೇನು? ಇಬ್ರೂ ಕೂಡೇ ಮಾಡೀರಿ ಹಂಗಾರ. ಅಲ್ಲೇ ಇರಲಿ ಆಕಿ." ಫೋನಿಟ್ಟ.

ಅವನ ಮೇಲಿನ ಸಿಟ್ಟು ಲುಂಬಿನಿಯ ಎದೆಯಲ್ಲಿ ಒಂದಿಷ್ಟೂ ಇಳಿದಿರಲಿಲ್ಲ. ಆದರೆ ಎದುರಿಗೆ ಅವನಿರಲಿಲ್ಲ, ಹುಡುಗಿಯಿದ್ದಳು. ಸುಶ್ಮಿತಾ ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದಳು.

"ಕುಂದ್ರು. ಚಾ ಕುಡಿ."

"ಬ್ಯಾಡ್ರಿ." ಹೊಸ್ತಿಲು ದಾಟಿದವಳು ಅಲ್ಲೇ ನಿಂತಳು. ತಿರುಗಿ ನೋಡದೆ ಕೇಳಿದಳು, "ನನ್ನ ಕೈಗಿ ಯಾವ ಟ್ಯಾಬ್ಲೆಟ್ ಸರಿಯಾಗ್ತದ? ಈ ಸಲ ಖರೆ ಹೇಳ್ರಿ."

ಲುಂಬಿನಿ ಹಳೆಯ ಪೇಪರೊಂದನ್ನು ಹೊಸ್ತಿಲ ಮೇಲೆ ಹರವಿದಳು. "ಇದರ ಮ್ಯಾಲ ಕೈ ಇಡು. ಸಡಲ ಬಿಡು. ಅಳತಿ ತಗೊಂಡು ಹೇಳ್ತೀನಿ," ಎಂದಳು.

ಸುಶ್ಮಿತಾ ಕುಕ್ಕರಗಾಲಲ್ಲಿ ಕುಳಿತು, ಮುಖವನ್ನು ರಸ್ತೆಯ ಕಡೆಗೇ ತಿರುಗಿಸಿಕೊಂಡು, ಬಾತ ಕೈಯನ್ನು ಪೇಪರಿನ ಮೇಲಿಟ್ಟಳು. ಲುಂಬಿನಿ ಪಟ್ಟಿಯ ಅಂಚಿನಿಂದ ಶುರುಮಾಡಿ ಪೆನ್ಸಿಲ್ಲನ್ನು ನಿಧಾನವಾಗಿ, ಚರ್ಮಕ್ಕೆ ತಾಗದಂತೆ, ಹೆಬ್ಬೆರಳಿನ ಸುತ್ತ ತರತೊಡಗಿದಳು.