ಇದ್ದಿಲು ಬಸ್ಸಿನ ಕಾಳಯ್ಯ ಹೊಸ ಕೆಲಸ ಕಲಿತದ್ದು

ಲಷ್ಕರ್ ಮೊಹಲ್ಲಾದ ಒಂದು ವಠಾರದಲ್ಲಿ ಕಾಳಯ್ಯ ಎಂಬುವನಿದ್ದ. ಹೆಂಡತಿ ದೇವಿರಮ್ಮ, ಮಿಡ್ಲ್ ಸ್ಕೂಲಿಗೆ ಹೋಗುವ ಮಗಳು ಚಾಮುಂಡೇಶ್ವರಿ, ಇಷ್ಟೇ ಸಂಸಾರ. ಅವನ ಹೆಸರು ಹೆತ್ತವರು ಇಟ್ಟದ್ದು. ಆದರೆ ನಲ್ಲಿಯ ಹತ್ತಿರ ಹೆಂಗಸರು, "ಹೆಸರಿಗೆ ಸರಿಯಾದ ಕೆಲಸಾನೇ ಹುಡುಕ್ಕೊಂಡಿದ್ದಾನೆ ಕಣ್ರೀ" ಎಂದು ನಗುತ್ತಿದ್ದರು.

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಒಲೆ ಕಟ್ಟಿದ್ದರಲ್ಲ, ಇದ್ದಿಲು ಉರಿಸಿ ಅದರ ಅನಿಲದಿಂದಲೇ ಬಸ್ಸು ಓಡಿಸುತ್ತಿದ್ದರಲ್ಲ, ಆ ಒಲೆಯನ್ನು ನೋಡಿಕೊಳ್ಳುವುದು ಕಾಳಯ್ಯನ ಕೆಲಸ. ಹುಣಸೂರಿನ ಬಸ್ಸು ಆರು ಗಂಟೆಗೆ ಹೊರಡಬೇಕಾದರೆ ಅವನು ನಾಲ್ಕೂವರೆಗೇ ಹೋಗಿ ಬೆಂಕಿ ಹಚ್ಚಿ, ಗಾಳಿ ಊದುವ ಹಿಡಿಯನ್ನು ತೋಳು ನೋಯುವವರೆಗೆ ತಿರುಗಿಸಬೇಕು. ಬೇರೆಯವರು ಮುಟ್ಟಿದರೆ ಆ ಒಲೆ ಬರೀ ಹೊಗೆ ಕಾರುತ್ತಿತ್ತು. "ಕಾಳಯ್ಯ ಬರದೆ ಇದ್ದರೆ ನನ್ನ ಬಸ್ಸು ಶೆಡ್ಡು ಬಿಟ್ಟು ಬರೋಲ್ಲ" ಎಂದು ಬಸ್ಸಿನ ಧಣಿ ನಂಜುಂಡಸ್ವಾಮಿಯವರು ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ಆ ಮಾತು ಕೇಳಿದ ದಿನವೆಲ್ಲ ಕಾಳಯ್ಯನ ನಡಿಗೆಯೇ ಬೇರೆ. ಸಂಜೆ ಮಿಕ್ಕ ಚೂರು ಇದ್ದಿಲನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ತರುವುದಕ್ಕೂ ಧಣಿ ಬಿಟ್ಟಿದ್ದರು.

ಸ್ವಾತಂತ್ರ್ಯ ಬಂದು ಒಂದು ವರ್ಷವಾಗಿತ್ತು. ಒಂದು ಮಧ್ಯಾಹ್ನ ಶೆಡ್ಡಿಗೆ ಬಡಗಿಯೊಬ್ಬ ಬಂದು ಬಸ್ಸಿನ ಹಿಂಭಾಗವನ್ನು ಅಳೆಯತೊಡಗಿದ.

"ಕಾಳಯ್ಯ, ಈ ಟೇಪಿನ ತುದಿ ಕೊಂಚ ಹಿಡ್ಕೊ."

ಕಾಳಯ್ಯ ಹಿಡಿದುಕೊಂಡ. "ಏನು ಬರುತ್ತೆ ಇಲ್ಲಿ?"

"ಏಣಿ. ಟಾಪಿಗೆ ಲಗೇಜು ಹತ್ತಿಸೋಕೆ."

"ಇಲ್ಲಿ ಏಣಿ ಇಟ್ರೆ ನನ್ನ ಒಲೆ ಎಲ್ಲಿ ಇಡ್ತೀಯೋ?"

ಬಡಗಿ ತಲೆಯೆತ್ತಿ ನೋಡಿದ. "ಒಲೆ ಇರಲ್ಲ ಕಣಪ್ಪ. ಪೆಟ್ರೋಲು ಸಿಗೋ ಹಂಗಾಯ್ತಂತೆ. ಸಂಕ್ರಾಂತಿ ಕಳೆದ ಮೇಲೆ ಬಿಚ್ಚುಸ್ತಾರಂತೆ. ನಿಂಗೆ ಯಾರೂ ಹೇಳ್ಲಿಲ್ವಾ?" ಎಂದವನು ಮೆಲ್ಲಗೆ ಅವನ ಕೈಯಿಂದ ಟೇಪು ಬಿಡಿಸಿಕೊಂಡ. ಉಳಿದ ಅಳತೆಯನ್ನು ತಾನೊಬ್ಬನೇ ಕಷ್ಟಪಟ್ಟು ಹಿಡಿದುಕೊಂಡ, ಕಾಳಯ್ಯನನ್ನು ಮತ್ತೆ ಕರೆಯಲಿಲ್ಲ.

ಕಾಳಯ್ಯ ಮನೆಗೆ ಬಂದ, ಆದರೆ ಬಾಯಿ ಬಿಡಲಿಲ್ಲ. ಕೆಲಸ ಹೋದರೆ ಊರಿಗೆ, ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಹೆಣ್ಣುಮಕ್ಕಳಿಗೆ ಇಸ್ಕೂಲಿಲ್ಲ. ಚಾಮುಂಡಿಯ ಓದು ಅಲ್ಲಿಗೆ ನಿಂತ ಹಾಗೆಯೇ. ಯೋಚನೆ ಅಷ್ಟು ದೂರ ಹೋದಾಗಲೆಲ್ಲ ಅವನು, 'ಪೆಟ್ರೋಲೂ ಇಲ್ಲ, ಏನೂ ಇಲ್ಲ, ಬಡಗಿ ಸುಳ್ಳು ಹೇಳಿದ' ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದ.

ಮೂರು ದಿನ ಕಳೆಯಿತು. ನಾಲ್ಕನೆಯ ಸಂಜೆ ಎದುರು ಮನೆಯ ಅಂತೋಣಪ್ಪ ಬಂದು ಜಗಲಿಯ ಮೇಲೆ ಕೂತ. ನಜರ್‌ಬಾದಿನ ಒಂದು ಮೋಟಾರು ಗ್ಯಾರೇಜಿನಲ್ಲಿ ಅವನು ಫಿಟ್ಟರು. ಹಿಂದೆಯೇ ಅವನ ಹೆಂಡತಿ ಸಹಾಯಮೇರಿ ಒಂದು ಚೊಂಬು ಬಿಸಿನೀರು ತಂದು, "ಮೊದಲು ಕೈ ತೊಳ್ಕೊಳ್ಳಿ ಕಾಳಯ್ಯನೋರೆ, ಆಮೇಲೆ ಮಾತು" ಎಂದಳು. ಮಸಿ ತಣ್ಣೀರಿಗೆ ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ನಂಜುಂಡಸ್ವಾಮಿಯೋರ ಬಸ್ಸು ಪೆಟ್ರೋಲಿಗೆ ಬದಲಾಯಿಸೋ ಕೆಲಸ ನಮ್ಮ ಗ್ಯಾರೇಜಿಗೇ ಬಂದಿದೆ" ಎಂದ ಅಂತೋಣಪ್ಪ. "ನೀನೇನು ಮಾಡ್ಬೇಕು ಅಂತಿದ್ದೀಯ?"

ಒಳಗಿದ್ದ ದೇವಿರಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಮೂರು ದಿನದಿಂದ ಉಪ್ಪಿಲ್ಲದ ಸಾರನ್ನೂ ಸುಮ್ನೆ ಉಂಡು ಏಳ್ತಿದ್ರಲ್ಲ, ಆಗ್ಲೇ ಅಂದ್ಕೊಂಡೆ. ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಏನಿದೆ?" ಎಂದು ಕಾಳಯ್ಯ ರೇಗಿದ. "ಇವತ್ತು ಬಂದ ಪೆಟ್ರೋಲು ನಾಳೆ ನಿಂತೋಯ್ತದೆ. ಆಗ ಯಾರನ್ನ ಕರೀತಾರೆ? ನನ್ನೇ. ಧಣಿ ನನ್ನ ಕೈ ಬುಡೋರಲ್ಲ."

"ಧಣಿ ಒಳ್ಳೇವರೇ ಕಣಯ್ಯ, ನಾನು ಇಲ್ಲ ಅಂದ್ನಾ? ಆದ್ರೆ ಒಲೇನೇ ಇಲ್ದಿದ್ರೆ ಒಲೆ ಊದೋನಿಗೆ ಏನು ಕೆಲಸ ಕೊಡ್ತಾರೆ?" ಅಂತೋಣಪ್ಪ ದನಿ ತಗ್ಗಿಸಿದ. "ನನ್ನ ಕಥೆ ಕೇಳು. ಯುದ್ಧದಾಗ ನಾನು ಮಿಲಿಟರಿ ಲಾರಿ ರಿಪೇರಿ ಮಾಡ್ತಿದ್ದೆ. ಯುದ್ಧ ಮುಗೀತು. ಒಂದು ಬೆಳಿಗ್ಗೆ ಹೋಗಿ ನೋಡ್ತೀನಿ, ಗೇಟಿಗೆ ಕೆಲಸದಿಂದ ತೆಗೆದೋರ ಹೆಸರಿನ ಪಟ್ಟಿ ಅಂಟ್ಸಿದ್ದಾರೆ. ಮನೇಲಿ ಎಂಟು ದಿನದ ಅಕ್ಕಿ ಇತ್ತು ಅಷ್ಟೆ. ಮೊದಲು ಇವಳ ಕಿವಿಯ ಓಲೆ ಮಾರಿದ್ದಾಯ್ತು, ಆಮೇಲೆ ಹಂಡೆ ಹೋಯ್ತು."

"ಹಂಡೆ ಹೋದದ್ದಕ್ಕೆ ನಾನು ಅತ್ತಿದ್ದು, ಓಲೆಗಲ್ಲ" ಎಂದಳು ಸಹಾಯಮೇರಿ. ಕಾಳಯ್ಯನಿಗೂ ನಗು ಬಂತು.

"ನಂಗೆ ಯಾರೂ ಮುಂಚೆ ಹೇಳ್ಲಿಲ್ಲ. ನಿಂಗೆ ನಾಲ್ಕು ತಿಂಗಳು ಮುಂಚೆ ಗೊತ್ತಾಗಿದೆ. ಸಂಬಳ ಬರ್ತಾ ಇರೋ ನಾಲ್ಕು ತಿಂಗಳು. ಅದನ್ನ ಸುಮ್ನೆ ಕಳೀಬೇಡ."

ದೇವಿರಮ್ಮ ಸೌಟು ಒಳಗಿಟ್ಟು ಬಂದು, "ಮೊದಲು ಏನು ಮಾಡ್ಬೇಕು ಅಣ್ಣ?" ಎಂದಳು.

"ಒಂದು ತಿಂಗಳಿಗೆ ಈ ಮನೆ ನಡೆಯೋಕೆ ಏನೇನು ಬೇಕು ಅಂತ ಬರೀರಿ."

ಚಾಮುಂಡಿ ಸ್ಲೇಟು ತಂದಳು. ಬಾಡಿಗೆ, ಅಕ್ಕಿ, ರಾಗಿ, ಸೀಮೆಎಣ್ಣೆ, ಇಸ್ಕೂಲಿನ ಖರ್ಚು, ಎಲ್ಲ ಬರೆದಾಯಿತು. "ಅಷ್ಟೇ" ಎಂದ ಕಾಳಯ್ಯ.

ಸಹಾಯಮೇರಿ ಸ್ಲೇಟನ್ನು ಬಗ್ಗಿ ನೋಡಿದಳು. "ಸೌದೆ ಎಲ್ಲಿ?"

ಐದು ವರ್ಷದಿಂದ ಆ ಮನೆಯವರು ಸೌದೆಗೆ ಕಾಸು ಕೊಟ್ಟಿರಲಿಲ್ಲ. ಬಸ್ಸಿನ ಇದ್ದಿಲೇ ಅಡಿಗೆಗೂ ಸ್ನಾನಕ್ಕೂ ಆಗುತ್ತಿತ್ತು. ಸಂಬಳ ಹೋಗಬಹುದೆಂಬುದಷ್ಟೇ ಕಾಳಯ್ಯನಿಗೆ ಹೊಳೆದಿತ್ತು. ಸಂಬಳದ ಜೊತೆಗೆ ಮನೆಯ ಒಲೆಯೂ ಆರುತ್ತದೆಂದು ಹೊಳೆದಿರಲಿಲ್ಲ. ಬಡಗಿಯ ಮಾತನ್ನು ಸುಳ್ಳೆಂದುಕೊಂಡಿದ್ದವನು ಈಗ ಸ್ಲೇಟನ್ನು ತನ್ನ ಕಡೆಗೆ ಎಳೆದುಕೊಂಡ.

"ಹೇಳಿ ಅಂತೋಣಪ್ಪನೋರೆ" ಎಂದ. "ನಾನು ಕೇಳ್ತೀನಿ."

ಅಂತೋಣಪ್ಪ ಹೇಳಿದಂತೆ ಆ ವಾರದಿಂದಲೇ ದೇವಿರಮ್ಮ ಸೌದೆ ಕೊಳ್ಳಲು ಆಗುವಷ್ಟು ದುಡ್ಡನ್ನು ಪ್ರತಿ ಸೋಮವಾರ ತೆಗೆದಿಡತೊಡಗಿದಳು. ಕಾಳಯ್ಯ ಸಂಜೆಯ ಹೋಟೆಲ್ ಕಾಫಿ ಬಿಟ್ಟ. ದುಡ್ಡು ಡಬ್ಬದಲ್ಲಿದ್ದರೆ ಕೈ ಹೋಗುತ್ತದೆಂದು ಅಂಚೆ ಕಚೇರಿಯಲ್ಲಿ ಉಳಿತಾಯದ ಪುಸ್ತಕ ಮಾಡಿಸಿದರು. ದೇವಿರಮ್ಮನ ಕೈಯಲ್ಲಿ ಅರ್ಜಿ ತಿರುವುಮುರುವಾದಾಗ ಅಲ್ಲಿನ ಗುಮಾಸ್ತರು ಕಿಟಕಿಯಿಂದ ಎದ್ದು ಬಂದು, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟರಂತೆ.

ಎರಡನೆಯ ಮಾತು ಕಾಳಯ್ಯನಿಗೆ ಕಷ್ಟವಾಯಿತು. ಬೇರೆ ಕಡೆ ಕೆಲಸ ಕೇಳುವಾಗ ತೋರಿಸಲು ಧಣಿಯಿಂದ ಒಂದು ಕಾಗದ ಬರೆಸಿಕೊಳ್ಳಬೇಕು ಎಂದಿದ್ದ ಅಂತೋಣಪ್ಪ.

"ಏನಂತ ಬರೆಸ್ಲಿ? ಬೆಂಕಿ ಹಚ್ತಾನೆ ಅಂತಾನಾ?"

"ಪೈಪು ಸೋರಿದ್ರೆ ಬೆಸುಗೆ ಹಾಕೋರು ಯಾರು?"

"ನಾನೇ."

"ದಾರೀಲಿ ಟೈರು ಬದಲಾಯಿಸೋರು? ವಾಲ್ವಿಗೆ ಕಟ್ಟಿದ ಕಿಟ್ಟ ತೆಗೆಯೋರು?"

"ಇನ್ಯಾರು, ನಾನೇ. ಡ್ರೈವರು ಇಳಿದ್ರೆ ತಾನೆ!"

ಚಾಮುಂಡಿ ಬರೆಯುತ್ತಾ ಹೋದಳು. ಕೊನೆಗೆ ಎಣಿಸಿ, "ಅಪ್ಪಾ, ನಿಮಗೆ ಏಳು ಕೆಲಸ ಬರುತ್ತೆ!" ಎಂದು ಕೂಗಿದಳು. ಕಾಳಯ್ಯ ಸ್ಲೇಟನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದ.

"ಈಗಲೇ ಕೇಳು" ಎಂದ ಅಂತೋಣಪ್ಪ. "ಧಣಿ ದಿನಾ ನಿನ್ನ ಕೆಲಸ ನೋಡ್ತಾ ಇದ್ದಾರೆ. ವರ್ಷ ಕಳೆದ್ರೆ ಯಾರಿಗೆ ನೆನಪಿರುತ್ತೆ?"

ಕೇಳಿದ್ದಕ್ಕೆ ನಂಜುಂಡಸ್ವಾಮಿಯವರು ಬೇಸರ ಮಾಡಿಕೊಳ್ಳಲಿಲ್ಲ. "ನಿನಗೆ ಹೇಗೆ ಹೇಳೋದು ಅಂತ ನಾನೇ ಒದ್ದಾಡ್ತಿದ್ದೆ ಕಣೋ" ಎಂದರು. ಏಳೂ ಕೆಲಸವನ್ನು ಬರೆಸಿ, ಎಂಟನೆಯದಾಗಿ 'ಒಂದು ದಿನವೂ ತಡವಾಗಿ ಬಂದವನಲ್ಲ' ಎಂದು ತಮ್ಮ ಕೈಯಾರೆ ಸೇರಿಸಿ ರುಜು ಹಾಕಿದರು.

ಮೂರನೆಯದು ಹೊಸ ಕೆಲಸ ಕಲಿಯುವುದು. ಭಾನುವಾರ ಬಸ್ಸಿಗೆ ರಜೆ. ಅಂತೋಣಪ್ಪ ಚರ್ಚಿನಿಂದ ಬಂದ ಮೇಲೆ ಇಬ್ಬರೂ ನಜರ್‌ಬಾದಿಗೆ ನಡೆದುಹೋಗುತ್ತಿದ್ದರು. ಗ್ಯಾರೇಜಿನವರು ಸಂಬಳ ಕೊಡಲಿಲ್ಲ, ಕಲಿಯಲು ಜಾಗ ಕೊಟ್ಟರು. "ಮೂವತ್ತಾರು ವರ್ಷಕ್ಕೆ ಅಕ್ಷರಾಭ್ಯಾಸವೇನಯ್ಯ?" ಎಂದು ಅಲ್ಲಿಯ ಮೇಸ್ತ್ರಿ ಹಾಸ್ಯ ಮಾಡಿದ. ಮೊದಲ ಭಾನುವಾರ ಕಾಳಯ್ಯನಿಗೆ ಅಲ್ಲಿಂದ ಓಡಿಹೋಗುವಷ್ಟು ನಾಚಿಕೆಯಾಯಿತು. ಮೂರನೆಯ ಭಾನುವಾರ ಯಾರಿಗೂ ಗೊತ್ತಾಗದ ಒಂದು ಇಂಜಿನ್ನಿನ ದೋಷವನ್ನು ಅವನು ಸದ್ದು ಕೇಳಿಯೇ ಹೇಳಿದ. ಅಂದಿನಿಂದ ಮೇಸ್ತ್ರಿ ತನ್ನ ಬುತ್ತಿಯಲ್ಲಿ ಅವನಿಗೂ ಒಂದು ರೊಟ್ಟಿ ತರತೊಡಗಿದ.

ಸಂಕ್ರಾಂತಿ ಕಳೆಯಿತು. ಒಲೆ ಬಿಚ್ಚುವ ದಿನ ಕಾಳಯ್ಯನೇ ಮುಂದೆ ನಿಂತು ಯಾವ ಬೋಲ್ಟನ್ನು ಮೊದಲು ಸಡಿಲಿಸಬೇಕೆಂದು ತೋರಿಸಿದ. ಧಣಿ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಟ್ಟರು. ಗ್ಯಾರೇಜಿನವರು ಕಾಗದ ಓದಿ, "ಬಾ, ಆದರೆ ಉಗಾದಿ ಕಳೆದ ಮೇಲೆ. ಆಗ ಒಬ್ಬರು ಬಿಟ್ಟುಹೋಗ್ತಾರೆ" ಎಂದರು.

ಉಗಾದಿಗೆ ಇನ್ನೂ ಎರಡು ತಿಂಗಳ ಮೇಲಿತ್ತು. ಅಷ್ಟರಲ್ಲಿ ಊರಾಚೆಯ ಇಟ್ಟಿಗೆ ಗೂಡಿನವನೊಬ್ಬ ಹುಡುಕಿಕೊಂಡು ಬಂದ. "ಬೆಂಕಿ ಕೆಲಸ, ನಿಂಗೆ ಹೇಳಿಮಾಡಿಸಿದ್ದು. ಬಸ್ಸಿನಲ್ಲಿ ಬರ್ತಿದ್ದುದರ ಅರ್ಧ ಸಂಬಳ. ಸಂಸಾರ ಅಲ್ಲೇ ಗುಡಿಸಲಲ್ಲಿರಬೇಕು, ವರ್ಷದ ಕರಾರು. ನಾಳೆಯಿಂದಲೇ ಬಾ. ಕೆಲಸ ಇಲ್ದೋನು ಯೋಚನೆ ಮಾಡ್ತಾನಾ?"

ಕಾಳಯ್ಯ ಹೆಂಡತಿಯ ಮುಖ ನೋಡಿದ. ದೇವಿರಮ್ಮ ಒಳಗೆ ಹೋಗಿ ಅಂಚೆ ಕಚೇರಿಯ ಪುಸ್ತಕ ತಂದು ಗಂಡನ ಕೈಗಿಟ್ಟಳು. "ಧಣಿ ಕೊಟ್ಟದ್ದೂ ಸೇರಿದ್ರೆ, ಸೌದೆ ಕೊಂಡ್ರೂ ಉಗಾದಿ ದಾಟುತ್ತೆ ಅಂತ ಚಾಮುಂಡಿ ಓದಿ ಹೇಳಿದ್ದಾಳೆ. ಬೇಡ ಅನ್ನಿ."

"ಬೇಡ ಸ್ವಾಮಿ" ಎಂದ ಕಾಳಯ್ಯ. "ನಮ್ಮ ಹುಡುಗಿಗೆ ಇಸ್ಕೂಲು ಹತ್ತಿರ ಬೇಕು." ಹೀಗೆ ಒಬ್ಬರಿಗೆ ಬೇಡ ಎನ್ನುವ ಧೈರ್ಯ ಅವನಿಗೆ ಹುಟ್ಟಿದಂದಿನಿಂದ ಬಂದಿರಲಿಲ್ಲ. ಉಗಾದಿಯ ಮಾರನೆಯ ದಿನ ಅವನು ಅಂತೋಣಪ್ಪನ ಜೊತೆ ಗ್ಯಾರೇಜಿಗೆ ನಡೆದ. ಅದೇ ಬೆಳಿಗ್ಗೆ ಚಾಮುಂಡಿ ತನ್ನ ಇಸ್ಕೂಲಿಗೆ ನಡೆದಳು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮದು ಬಸ್ಸಿನ ಕೆಲಸವಿರಲಾರದು. ಗಿರಣಿಯದೋ, ಕಾರ್ಖಾನೆಯದೋ, ಅಂಗಡಿಯದೋ ಇರಬಹುದು. ಕೆಲಸ ಹೋಗಬಹುದೆಂಬ ಸುಳಿವು ಸಿಕ್ಕಿದರೆ ಮನೆಯವರಿಂದ ಬಚ್ಚಿಡಬೇಡಿ. ಇವತ್ತು ಊಟವಾದ ಮೇಲೆ ಎಲ್ಲರೂ ಕೂತು, ತಿಂಗಳಿಗೆ ಏನು ಬೇಕೆಂದು ಬರೆಯಿರಿ. ಕೆಲಸದಿಂದ ಪುಕ್ಕಟೆಯಾಗಿ ಬರುವುದನ್ನೂ ಮರೆಯದೆ ಬರೆಯಿರಿ. ಮೂರು ತಿಂಗಳಿಗಾಗುವಷ್ಟು ಕೂಡುವವರೆಗೆ ವಾರವಾರವೂ ಅಂಚೆ ಕಚೇರಿಗೆ ಸ್ವಲ್ಪ ಸ್ವಲ್ಪ ಕಟ್ಟಿ. ನಿಮಗೆ ಬರುವ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ, ಅದಕ್ಕೆ ಯಜಮಾನರ ರುಜು ಈಗಲೇ ಹಾಕಿಸಿಕೊಳ್ಳಿ. ಮುಂದೆ ನಡೆಯುವಂಥ ಒಂದು ಕೆಲಸವನ್ನು ರಜೆಯ ದಿನ ಕಲಿಯಿರಿ. ವಯಸ್ಸಾಯಿತೆಂದು ನಾಚಬೇಡಿ. ನಿಮಗೆ ಇದೆಲ್ಲ ಮೊದಲೇ ಗೊತ್ತಿದ್ದರೆ, ಎದುರು ಮನೆಯ ಜಗಲಿಗೆ ಹೋಗಿ ಒಂದು ಗಳಿಗೆ ಕೂತು ಹೇಳಿ ಬನ್ನಿ.