ಹತ್ತೊಂಬತ್ತನೇ ಮರ

ಶನಿವಾರ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಸಿಂಗನಮರಡಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯ ಲೋಕೇಶ್ ವಾರ್ಷಿಕ ವರದಿಯ ಎರಡನೇ ಪುಟ ತಿರುಗಿಸಿದರು. ನೂರಾ ಮೂವತ್ತೊಂದು ಮಕ್ಕಳ ಶಾಲೆ. ಸಭೆಗೆ ಬಂದಿದ್ದ ಪೋಷಕರು ನಲವತ್ತೇಳು. ಹತ್ತನೇ ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದ್ದರು. ಹೆಂಗಸರು ಕರಿಹಲಗೆಯ ಕಡೆ, ಗಂಡಸರು ಬಾಗಿಲ ಕಡೆ ಕೂತಿದ್ದರು.

"ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತವರು ನಲವತ್ತಾರು. ಪಾಸಾದವರು ಮೂವತ್ತೊಂಬತ್ತು. ಫೇಲಾದ ಏಳು ಮಕ್ಕಳಲ್ಲಿ ಆರು ಜನ ಗಣಿತದಲ್ಲಿ ಹೋಗಿದ್ದಾರೆ."

"ನಾನೂವೆ ಅದ್ರಲ್ಲೇ ಓಗಿದ್ದು, ಮೂರು ಸಲ," ಎಂದ ಮರಿಸ್ವಾಮಿ. ಬಿಂಡಿಗನವಿಲೆಯಲ್ಲಿ ಅವನದೊಂದು ದಿನಸಿ ಅಂಗಡಿ. ಮಗ ಎಂಟನೇ ತರಗತಿಯಲ್ಲಿದ್ದ.

"ಅದ್ಕೇ ಕಣ್ಲಾ ನಿನ್ ಅಂಗ್ಡೀಲಿ ಚಿಲ್ರೆ ಯಾವತ್ತೂ ಕಮ್ಮಿ ಬರಾದು," ಎಂದು ಯಾರೋ ಹಿಂದಿನಿಂದ ಕೂಗಿದರು. ಹೆಂಗಸರ ಕಡೆಯಿಂದ ಜೋರಾಗಿ ನಗೆ ಎದ್ದಿತು.

ಶಾಲಾ ಸಮಿತಿಯ ಅಧ್ಯಕ್ಷೆ ಸೋಮಮ್ಮ ಮೇಜು ತಟ್ಟಿದರು. ಊರಿನ ಡೈರಿಯಲ್ಲಿ ಹಾಲು ಅಳೆದು ಹಾಕಿಸಿಕೊಳ್ಳುವುದು ಅವರ ಕೆಲಸ. ನೀರು ಬೆರೆಸಿ ತಂದವರನ್ನು ಮುಖ ನೋಡಿಯೇ ಹಿಡಿಯುತ್ತಾರೆಂದು ಹೆಸರಾಗಿದ್ದರು. "ಮುಂದಕ್ಕೆ ಓದಿ ಸಾ," ಎಂದರು.

ಮುಂದಿನದು ಹಣದ ವಿಷಯ. ಬೋರನಕೊಪ್ಪಲಿನಿಂದ ಶಾಲೆಗೆ ಬರುವ ಹೆಣ್ಣುಮಕ್ಕಳು ಎಂಟು ಜನ, ದಾರಿ ಐದು ಕಿಲೋಮೀಟರು. ಜನವರಿಯಲ್ಲಿ ನೀಲಗಿರಿ ತೋಪಿನ ಪಕ್ಕ ಚಿರತೆ ಒಂದು ಕರುವನ್ನು ಎಳೆದುಕೊಂಡು ಹೋದ ಮೇಲೆ ಅವರು ನಡೆದು ಬರುವುದು ನಿಂತಿತ್ತು. ಅಪ್ಪಂದಿರಿಗೆ ಬಿಡುವಿದ್ದ ದಿನ ಬೈಕಿನ ಹಿಂದೆ ಕೂತು ಬರುತ್ತಿದ್ದರು, ಇಲ್ಲದ ದಿನ ಇಲ್ಲ. ಜೂನ್‌ನಿಂದ ಇಬ್ಬರು ಬರುವುದನ್ನೇ ಬಿಟ್ಟಿದ್ದರು. ಆಟೋದವನು ತಿಂಗಳಿಗೆ ಆರು ಸಾವಿರ ಕೇಳಿದ್ದ. ಹತ್ತು ತಿಂಗಳಿಗೆ ಅರವತ್ತು ಸಾವಿರ. ಅರ್ಧ ಪೋಷಕರು ಹಾಕಿಕೊಂಡರೂ ಇನ್ನರ್ಧ ಮೂವತ್ತು ಸಾವಿರ ಶಾಲೆಯಿಂದ ಹೋಗಬೇಕು. ಸಮಿತಿಯ ಕೈಯಲ್ಲಿ ತಾನೇ ನಿರ್ಧರಿಸಿ ಖರ್ಚು ಮಾಡಬಹುದಾದ ಹಣವೆಂದರೆ ತೆಂಗಿನ ಹರಾಜಿನದೊಂದೇ.

ಶಾಲೆಯ ಆವರಣದಲ್ಲಿ ಫಲ ಬಿಡುವ ಮರಗಳು ಮೂವತ್ತೆಂಟು. ವರ್ಷದ ಫಸಲನ್ನು ಇದೇ ಸಭೆಯಲ್ಲಿ ಸವಾಲು ಕೂಗಿ ಕೊಡುವುದು ರೂಢಿ. ಸವಾಲೆಂದರೆ ಹೋದ ವರ್ಷದ ಮೊತ್ತದ ಮೇಲೆ ಐನೂರು ರೂಪಾಯಿ. 2008ರಲ್ಲಿ ಆರೂವರೆ ಸಾವಿರವಿದ್ದದ್ದು ಹೀಗೇ ಏರಿ ಹೋದ ವರ್ಷ ಹದಿನಾಲ್ಕೂವರೆ ಸಾವಿರಕ್ಕೆ ಬಂದು ನಿಂತಿತ್ತು. ಪ್ರತಿ ವರ್ಷ ಹಿಡಿಯುತ್ತಿದ್ದವನು ತಿಮ್ಮರಾಜು. ಸುತ್ತಲಿನ ಹತ್ತು ಹನ್ನೆರಡು ತೋಟಗಳ ಫಸಲನ್ನೂ ಅವನೇ ಹಿಡಿದಿದ್ದ. ಅವನು ಮೋಸ ಮಾಡಿರಲಿಲ್ಲ. ಹದಿನಾರು ವರ್ಷದಲ್ಲಿ ಒಬ್ಬರಾದರೂ ಮರದ ಕಡೆ ನೋಡಿ ಸವಾಲು ಕೂಗಿರಲಿಲ್ಲ, ಅಷ್ಟೆ.

"ಹದಿನೈದು ಸಾವ್ರ ಬರ್ಕೊಳಿ ಎಡ್ಮಾಸ್ಟ್ರೇ," ಎಂದ ತಿಮ್ಮರಾಜು ಕೂತಲ್ಲಿಂದಲೇ. "ಊಟದ ಒತ್ತಾಯ್ತು."

"ಒಂದು ನಿಮಿಷ," ಎಂದರು ಗಣಿತದ ಪ್ರಮೀಳಾ ಟೀಚರ್. "ಮೊದಲು ನಮ್ಮ ಮಕ್ಕಳ ಲೆಕ್ಕ ಕೇಳಿ. ದೀಪಾ, ಬಾಮ್ಮ."

ಬಾಗಿಲ ಹೊರಗೆ ನಿಂತಿದ್ದ ಹತ್ತನೇ ತರಗತಿಯ ಹುಡುಗಿ ನೋಟ್‌ಬುಕ್ ಹಿಡಿದು ಒಳಗೆ ಬಂದಳು. ಬೋರನಕೊಪ್ಪಲಿನ ಎಂಟು ಜನರಲ್ಲಿ ಅವಳೂ ಒಬ್ಬಳು. ಗಂಡಸರ ನಡುವೆ ಕೂತಿದ್ದ ಅವಳ ಅಪ್ಪ ನಿಂಗರಾಜು ತಲೆಯೆತ್ತಿ ನೋಡಿದ. ತಿಮ್ಮರಾಜು ಹಿಡಿದ ತೋಟಗಳಲ್ಲೆಲ್ಲ ಹನ್ನೊಂದು ವರ್ಷದಿಂದ ಮರ ಹತ್ತುತ್ತಿದ್ದವನು ಅವನು. ಆ ದಿನ ಸಭೆಗೂ ತಿಮ್ಮರಾಜುವಿನ ಬೈಕಿನ ಹಿಂದೆಯೇ ಕೂತು ಬಂದಿದ್ದ.

ಹೋದ ವರ್ಷ ಒಂಬತ್ತನೇ ತರಗತಿಗೆ ಸರಾಸರಿಯ ಪಾಠ ಮಾಡುವಾಗ ಪ್ರಮೀಳಾ ಟೀಚರ್ ಪುಸ್ತಕದ ಕೋಷ್ಟಕ ಬಿಟ್ಟು ಮಕ್ಕಳನ್ನು ಮರದ ಕೆಳಗೆ ನಿಲ್ಲಿಸಿದ್ದರು. ಮರಗಳಿಗೆ ಸುಣ್ಣದಲ್ಲಿ ನಂಬರು ಬರೆಸಿದ್ದರು. ಒಂದೊಂದು ಮರಕ್ಕೆ ನಾಲ್ಕು ದಿಕ್ಕಿಗೆ ನಾಲ್ವರು ನಿಲ್ಲಬೇಕು, ಬಲಿತ ಕಾಯಿ ಎಣಿಸಬೇಕು, ಇಬ್ಬರ ಕಣ್ಣಿಗೂ ಬಿದ್ದದ್ದನ್ನು ಒಂದೇ ಸಲ ಬರೆಯಬೇಕು. ಕಾಯಿ ಕೆಡವುವ ಮುಂಚೆ ಪ್ರತಿ ಸಲ ಎಣಿಸಿದ್ದರು. ವರ್ಷಕ್ಕೆ ಆರು ಸಲ.

"ವರ್ಷಕ್ಕೆ ಒಟ್ಟು ಮೂರು ಸಾವಿರದ ನೂರಾ ತೊಂಬತ್ತೆರಡು ಕಾಯಿ," ಎಂದು ದೀಪ ಓದಿದಳು. "ಮರಕ್ಕೆ ಸರಾಸರಿ ಎಂಬತ್ನಾಲ್ಕು. ತೋಟದಲ್ಲಿ ಕಾಯಿಗೆ ಇಪ್ಪತ್ತು ರೂಪಾಯಿ ಹಿಡಿದರೆ ಅರವತ್ಮೂರು ಸಾವಿರದ ಎಂಟುನೂರ ನಲವತ್ತು."

ಸೋಮಮ್ಮ ಕೈ ಚಾಚಿ ನೋಟ್‌ಬುಕ್ ತೆಗೆದುಕೊಂಡರು. ಒಂದು ಪುಟಕ್ಕೆ ಒಂದು ಮರ. ಪ್ರತಿ ಪುಟದ ನಾಲ್ಕು ಮೂಲೆಯಲ್ಲೂ ದಿಕ್ಕಿನ ಹೆಸರು, ನಡುವೆ ಪೆನ್ಸಿಲಿನಲ್ಲಿ ಬರೆದ ಗೊನೆಗಳು, ಒಂದೊಂದು ಗೊನೆಯ ಪಕ್ಕ ಒಂದು ಅಂಕಿ. ಹಾಳೆ ಮಗುಚುತ್ತಾ ಮಗುಚುತ್ತಾ ಅವರ ಕೈ ನಿಧಾನವಾಯಿತು. ಪುಸ್ತಕ ಹೆಂಗಸರ ಸಾಲಿಗೆ ಹೋಯಿತು. ಅಲ್ಲೊಬ್ಬ ಮುದುಕಿ ಅದನ್ನು ಮುಟ್ಟುವ ಮೊದಲು ಎರಡು ಕೈಯನ್ನೂ ಸೆರಗಿಗೆ ಒರೆಸಿಕೊಂಡಳು.

"ಯವ್ವಾ, ನಮ್ ಮನೇಲಿ ಕೋಳಿ ಎಷ್ಟವೆ ಅಂತ್ಲೇ ನಂಗೊತ್ತಿಲ್ಲ," ಎಂದಳು.

"ಸೆನ್ಸಸ್ನೋರು ಬರ್ದವ್ರೆ ಅಂದ್ಕಂಡಿದ್ದೆ ಕಣ್ರಪ್ಪ, ಮರದ್ ಮೇಲಿನ್ ನಂಬ್ರ," ಎಂದು ತಿಮ್ಮರಾಜು ನಕ್ಕ. ಜೊತೆಗೆ ಯಾರೂ ನಗಲಿಲ್ಲ. ಅವನು ಎದ್ದು ನಿಂತ. "ಅಲ್ಲ ಕಣವ್ವ, ಕೆಳಗ್ ನಿಂತ್ಕಂಡ್ ಎಣ್ಸೋದು ಒಂದ್ ಲೆಕ್ಕವಾ? ಒಣ್ಗಿದ್ದು, ಉದ್ರಿದ್ದು, ಇಲಿ ಕಡ್ದಿದ್ದು ಕೆಳಗಿಂದ ಎಂಗ್ ಗೊತ್ತಾಯ್ತದೆ? ನನ್ ಕೈಲಿ ಅರ್ವತ್ತು ಸಾವ್ರದ ಮಾತ ಆಡ್ಸೋಕೆ ಮುಂಚೆ ಒಂದ್ ಮರನಾದ್ರೂ ಸರಿಗ್ ಎಣ್ಸಿ ತೋರ್ಸು."

"ಯಾವ ಮರ ಬೇಕು ಮಾವ?" ಎಂದಳು ದೀಪ.

"ನಾನೇ ಏಳ್ತೀನಿ ಬಾ."

ಸಭೆಯೇ ಅಂಗಳಕ್ಕೆ ಇಳಿಯಿತು. ತಿಮ್ಮರಾಜು ಸಾಲಿನ ಕೊನೆಯವರೆಗೂ ನಡೆದು ಕಾಂಪೌಂಡಿಗೆ ಒರಗಿದಂತೆ ವಾಲಿದ್ದ ಒಂದು ಮರ ತೋರಿಸಿದ. ಸುಣ್ಣದ ಅಂಕಿ ಹತ್ತೊಂಬತ್ತು. ಅದರ ಹಳೆಯ ಗರಿಗಳು ಕಳಚದೆ ದಟ್ಟವಾಗಿ ಇಳಿಬಿದ್ದಿದ್ದವು. ಅದರ ಬುಡದಲ್ಲಿ ನಿಂತವರಿಗೆ ಕಾಯಿಗಿಂತ ಗರಿಯೇ ಹೆಚ್ಚು ಕಾಣುತ್ತಿತ್ತು.

ದೀಪ ಪುಟ ನೋಡಿದಳು. "ಈ ಸಲದ್ದು, ನಿನ್ನೆ ಬೆಳಿಗ್ಗೆ ಎಣಿಸಿದ್ದು. ಬಲಿತ ಕಾಯಿ ಮೂವತ್ನಾಲ್ಕು."

"ಲೇ ನಿಂಗರಾಜ, ಅತ್ಲಾ," ಎಂದ ತಿಮ್ಮರಾಜು.

ಲೋಕೇಶ್‌ಗೆ ಇದು ಬೇಡವೆನಿಸಿತು. "ಬೇರೆ ಯಾರಾದರೂ ಹತ್ತಲಿ, ತಿಮ್ಮರಾಜು ಅವರೇ. ಅವರು ಹುಡುಗಿಯ ತಂದೆ."

"ನನ್ ಆಳು ಅವ್ನು. ಮಗಳ್ ಪರ ನಿಂತ್ರೂ ನಂಗೆ ಗೊತ್ತಾಯ್ತದೆ, ನನ್ ಪರ ನಿಂತ್ರೂ ನಿಮ್ಗೆ ಗೊತ್ತಾಯ್ತದೆ. ಅದ್ಕಿಂತ ನ್ಯಾಯ ಎಲ್ಲದೆ ಸಾ?"

ನಿಂಗರಾಜು ಮುಂದೆ ಬಂದ. ಅಂಗಿ ಬಿಚ್ಚಿ ಕಾಂಪೌಂಡಿನ ಮೇಲಿಟ್ಟ, ಬೈಕಿನ ಚೀಲದಿಂದ ಮಚ್ಚು ತೆಗೆದು ಸೊಂಟಕ್ಕೆ ಸಿಕ್ಕಿಸಿದ, ಕಾಲಿಗೆ ಹಗ್ಗದ ಬಳೆ ಹಾಕಿಕೊಂಡ. ಮರಕ್ಕೆ ಐವತ್ತು ರೂಪಾಯಿಯಂತೆ ದಿನಕ್ಕೆ ಇಪ್ಪತ್ತು ಮರ ಅವನ ಲೆಕ್ಕ. ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಅದನ್ನು ಅಲ್ಲಿದ್ದ ಎಲ್ಲರೂ ಬಲ್ಲರು, ಮಗಳೂ ಬಲ್ಲಳು. ಅವನು ನಲವತ್ತೈದು ಅಡಿ ಹತ್ತಿ ಗರಿಗಳ ಒಳಗೆ ಸೇರಿದ ಮೇಲೆ ಕೆಳಗಿನವರಿಗೆ ಕಂಡದ್ದು ಎರಡು ಪಾದ ಮಾತ್ರ.

ಮೊದಲ ಗೊನೆ ಬಿತ್ತು. ಮಕ್ಕಳು ಓಡಿದರು. ಸೋಮಮ್ಮ ಅವರನ್ನು ಗದರಿಸಿ ಹಿಂದಕ್ಕೆ ಅಟ್ಟಿ, ಕಾಯಿ ಬಿದ್ದಂತೆಲ್ಲ ತಾವೇ ಕೂಗಿ ಎಣಿಸತೊಡಗಿದರು. ಏಳು. ಹದಿನಾಲ್ಕು. ಇಪ್ಪತ್ತೆರಡು. ಜನ ಜೊತೆಗೆ ದನಿ ಸೇರಿಸಿದರು. ಇಪ್ಪತ್ತೇಳು, ಇಪ್ಪತ್ತೆಂಟು. ಮೂವತ್ತೊಂದಕ್ಕೆ ಕಾಯಿ ಬೀಳುವುದು ನಿಂತಿತು.

ಗಾಳಿಗೆ ಗರಿಗಳು ಸರಸರ ಎಂದವು. ಪಾದಗಳು ಅಲುಗಲಿಲ್ಲ.

"ಮುಗೀತಲ್ಲಾ?" ಎಂದು ತಿಮ್ಮರಾಜು ಮೇಲಕ್ಕೆ ಕೂಗಿದ. "ಮೂರು ಸುಳ್ಳು ಕಣವ್ವ, ಒಂದೇ ಮರದಲ್ಲಿ. ಮೂವತ್ತೆಂಟು ಮರಕ್ಕೆ ನೀನೇ ಗುಣಿಸ್ಕೊ. ಇಳಿಯಲಾ ನಿಂಗರಾಜ!"

ಪ್ರಮೀಳಾ ಟೀಚರ್ ಹುಡುಗಿಯ ಹೆಗಲ ಮೇಲೆ ಕೈಯಿಟ್ಟರು. ದೀಪ ಪುಸ್ತಕವನ್ನು ಮತ್ತೆ ನೋಡಿದಳು, ಆಮೇಲೆ ಮರವನ್ನು. ದನಿ ಏರಿಸದೆ, ಆದರೆ ಮೇಲಿದ್ದವನಿಗೆ ಕೇಳುವ ಹಾಗೆ ಹೇಳಿದಳು:

"ಅಪ್ಪಾ, ಮೂಡ್ಲು ಕಡೆ ಗೊನೇಲಿ ಮೂರವೆ. ಗರಿ ಮರೇಲಿ."

ಆಗ ಅಂಗಳದಲ್ಲಿ ಐವತ್ತಕ್ಕೂ ಹೆಚ್ಚು ಜನರಿದ್ದರು. ಅಷ್ಟೂ ಜನರ ಕತ್ತು ಮೇಲಿತ್ತು. ಲೋಕೇಶ್ ತಮ್ಮ ಸೇವೆಯಲ್ಲಿ ಹದಿನಾಲ್ಕು ವಾರ್ಷಿಕ ವರದಿ ಓದಿದ್ದರು. ಓದುವಾಗ ಒಬ್ಬರು ಕೂಡ ತಲೆಯೆತ್ತಿದ್ದನ್ನು ಅವರು ಕಂಡಿರಲಿಲ್ಲ. ಮೂರು ಕಾಯಿ ಅಲ್ಲಿ ಇವೆಯೋ ಇಲ್ಲವೋ ಗೊತ್ತಿದ್ದವನು ಒಬ್ಬನೇ. ಅವನು ಇಲ್ಲ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಎಷ್ಟು ಹೊತ್ತು ಹೋಯಿತೆಂದು ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ಒಂದು ಪಾದ ಸರಿದು ಮರದ ಆಚೆ ಬದಿಗೆ ಹೋಯಿತು. ಮಚ್ಚಿನ ಸದ್ದು ಕೇಳಿತು. ಒಂದು ಕಾಯಿ ಕಾಂಪೌಂಡಿಗೆ ತಾಗಿ ಪುಟಿದು ಬಿತ್ತು. ಸೋಮಮ್ಮ ಎಣಿಸಲು ಮರೆತು ನಿಂತಿದ್ದರು. ಇನ್ನೊಂದು. ಮತ್ತೊಂದು.

"ಮೂವತ್ನಾಕು," ಎಂದಿತು ಮೇಲಿನಿಂದ ನಿಂಗರಾಜುವಿನ ದನಿ. "ಇನ್ನಿಲ್ಲ ಕಣಣ್ಣೋ. ಮಿಕ್ಕಿದ್ದೆಲ್ಲ ಎಳೇವು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮರಿಸ್ವಾಮಿ ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಹತ್ತೊಂಬತ್ತನೇ ಮರ ಬಿಟ್ಟು ಇಪ್ಪತ್ತನೆಯದನ್ನು, ಇಪ್ಪತ್ತೊಂದನೆಯದನ್ನು ನೋಡಿದ. ತಾನು ಇದೇ ಶಾಲೆಯಲ್ಲಿ ಓದುವಾಗ ಇದೇ ಮರಗಳ ಕೆಳಗೆ ಮೂರು ವರ್ಷ ಬುತ್ತಿ ಉಂಡಿದ್ದವನು ಅವನು. ಉಳಿದವರೂ ಒಂದೊಂದು ಮರದ ಕೆಳಗೆ ಹೋಗಿ ನಿಂತರು. ಕೆಲವರ ತುಟಿ ಅಲುಗುತ್ತಿತ್ತು. ಎಣಿಸಲು ಶುರುಮಾಡಿ ಎಲ್ಲೋ ತಪ್ಪಿ, ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು.

ನಿಂಗರಾಜು ಇಳಿದು ಬಂದ. ಎದೆ ತರಚಿತ್ತು. ತಿಮ್ಮರಾಜುವಿನ ಕಡೆ ನೋಡದೆ ಮಗಳ ಹತ್ತಿರ ಹೋದ.

"ಆ ಮೂರು ನಿಂಗೆ ಎಂಗವ್ವ ಕಂಡ್ವು?"

"ಬೆಳಿಗ್ಗೆ ಪ್ರಾರ್ಥನೆ ಒತ್ನಲ್ಲಿ ಬಿಸ್ಲು ಮರದ್ ಇಂದ್ಗಡೆ ಇರ್ತದಲ್ಲ ಅಪ್ಪ. ಆಗ ಗರಿ ಸಂದೀಲಿ ಕರ್ರಗೆ ಕಾಣ್ತವೆ. ಎಲ್ರೂ ಕಣ್ ಮುಚ್ಕಂಡಿರ್ತಾರೆ, ನಾನ್ ಎಣಿಸ್ತೀನಿ."

ಟೀಚರ್ ಕೇಳದವರಂತೆ ಆಚೆ ತಿರುಗಿದರು.

"ಇಷ್ಟ್ ವರ್ಸ ಅತ್ತಿ ನೋಡಿದೀನಿ," ಎಂದ ನಿಂಗರಾಜು. "ಕೆಳಗಿಂದ ಒಂದಿನಾನೂ ನೋಡಿರ್ನಿಲ್ಲ ಕಣವ್ವ."

ಸಭೆ ಮತ್ತೆ ಒಳಗೆ ಸೇರಲಿಲ್ಲ. ಸೋಮಮ್ಮ ಧ್ವಜಕಟ್ಟೆಯ ಮೇಲೆ ಹತ್ತಿ ನಿಂತರು. "ಐನೂರ್ ಏರ್ಸೋ ಕತೆ ಇವತ್ಗೆ ಸಾಕು. ಸವಾಲು ಮೂವತ್ತು ಸಾವ್ರದಿಂದ. ಬೇಡಾ ಅನ್ನೋರು ಮನೆಗ್ ಓಗಿ ಮುದ್ದೆ ಉಣ್ಣಿ."

"ಮೂವತ್ತೊಂದು," ಎಂದ ಮರಿಸ್ವಾಮಿ. ಎಂದವನೇ ತಾನಾ ಅಂದದ್ದು ಎಂಬಂತೆ ಅಕ್ಕಪಕ್ಕ ನೋಡಿದ.

ತಿಮ್ಮರಾಜು ನೆಲ ನೋಡುತ್ತಿದ್ದ. ಬಿದ್ದಿದ್ದ ಕಾಯಿಗಳಲ್ಲಿ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಕೆಳಗಿಟ್ಟ. "ಮೂವತ್ತೈದು," ಎಂದ.

ಸವಾಲು ಕಾಲು ಗಂಟೆ ನಡೆಯಿತು. ಮರಿಸ್ವಾಮಿ ನಲವತ್ತಾರಕ್ಕೆ ಕೈ ಬಿಟ್ಟ. ನಲವತ್ತಾರೂವರೆ ಸಾವಿರಕ್ಕೆ ತಿಮ್ಮರಾಜುವಿಗೇ ನಿಂತಿತು. ಅರ್ಧ ಹಣವನ್ನು ಅಲ್ಲೇ ಫೋನಿನಲ್ಲಿ ಶಾಲೆಯ ಖಾತೆಗೆ ಹಾಕಿದ. ಹಾಕಿದ ಮೇಲೆ ದೀಪಳನ್ನು ಕರೆದು, "ಎಂಥಾ ಮಗಳವ್ವ ನೀನು, ಲೆಕ್ಕದೋಳು," ಎಂದ. ಅದು ಬೈಗುಳವೋ ಮೆಚ್ಚುಗೆಯೋ ಅವಳಿಗೆ ತಿಳಿಯಲಿಲ್ಲ. ಅವನು ಬೈಕು ಹತ್ತಿ ಒಬ್ಬನೇ ಹೊರಟ. ನಿಂಗರಾಜು ಕಾಂಪೌಂಡಿನ ಮೇಲಿದ್ದ ಅಂಗಿ ಹಾಕಿಕೊಂಡು, ಮಗಳ ಚೀಲ ಹೆಗಲಿಗೇರಿಸಿ, ಅವಳ ಜೊತೆ ಬೋರನಕೊಪ್ಪಲಿನ ರಸ್ತೆ ಹಿಡಿದ.

ಲೋಕೇಶ್ ನಡಾವಳಿ ಪುಸ್ತಕದಲ್ಲಿ ಎರಡು ನಿರ್ಣಯ ಬರೆದರು. ಬೋರನಕೊಪ್ಪಲಿನ ಎಂಟು ವಿದ್ಯಾರ್ಥಿನಿಯರಿಗೆ ಸೋಮವಾರದಿಂದ ಆಟೋ. ಮುಂದಿನ ವರ್ಷದಿಂದ ಹರಾಜಿಗೆ ಮೊದಲು ಒಂಬತ್ತನೇ ತರಗತಿಯ ಎಣಿಕೆ ಓದುವುದು. ಸೋಮಮ್ಮ ಎರಡರ ಕೆಳಗೂ ಸಹಿ ಹಾಕಿದರು.

ಶಾಲೆಯ ಮರಗಳ ಕಾಯಿ ಕೆಡವುವ ದಿನ ಮುಂದಿನ ಗುರುವಾರ ಬಂತು. ತಿಮ್ಮರಾಜು ಕೆ.ಆರ್. ಪೇಟೆ ಕಡೆಯಿಂದ ಇಬ್ಬರು ಹೊಸ ಆಳುಗಳನ್ನು ಕರೆದುಕೊಂಡು ಬಂದ. ನಿಂಗರಾಜು ಆ ದಿನ ನಾಗಮಂಗಲಕ್ಕೆ ಗಾರೆ ಕೆಲಸಕ್ಕೆ ಹೋಗಿದ್ದ.